ಹೊಸದಕ್ಕೆ ಮೊದಲ ಮಾನ

ದಸರೆಯಲ್ಲಿ ಮಂದಿ ಕೊಟ್ಟ ಬನ್ನಿ ಎಲೆ ಇನ್ನೂ ನನ್ನ ಅಂಗಡಿಯ ಗಲ್ಲಾದ ಮೇಲೆ ಒಣಗುತ್ತ ಬಿದ್ದಿತ್ತು. ಅಂಥ ಒಂದು ಮಧ್ಯಾಹ್ನ ತಿಕೋಟಾದ ಫೋಟೋ ಸ್ಟುಡಿಯೋದವನು ಒಬ್ಬ ಹೆಣ್ಣುಮಗಳನ್ನು ಕರೆದುಕೊಂಡು ಮೆಟ್ಟಿಲು ಹತ್ತಿ ಬಂದ. ಅವನು ನನ್ನ ಹಳೆಯ ಗಿರಾಕಿ, ಹಳೆಯ ದೋಸ್ತ. ಹಬ್ಬದ ಮರುದಿನದಿಂದ ಅವನ ಕಂಪ್ಯೂಟರಿನ ಅಳಿದುಹೋದ ಡಿಸ್ಕ್ ನನ್ನ ಮೇಜಿನ ಮೇಲಿತ್ತು. ತಿಕೋಟಾ ಸುತ್ತಲಿನ ಹಳ್ಳಿಗಳ ಮದುವೆ, ಸೀಮಂತ, ಜವಳ, ಎಲ್ಲದರ ಫೋಟೋ ಅದರಲ್ಲಿದ್ದವು. ಇದ್ದವು ಎನ್ನಬೇಕು.

ಹೆಣ್ಣುಮಗಳಿಗೆ ವಯಸ್ಸು ಐವತ್ತು ದಾಟಿತ್ತು. ಬಿಜ್ಜರಗಿಯವಳು, ಆಡು ಸಾಕಿ ಬದುಕುವವಳು. ಕುರ್ಚಿ ಕೊಟ್ಟರೂ ಕೂಡಲಿಲ್ಲ.

"ಇವರ ಏನ ತಮ್ಮಾ, ಅಳಿಸಿ ಹೋದ ಫೋಟೋ ಹುಡುಕಿ ಕೊಡಾವ್ರು?"

"ಇವರ ಯಕ್ಕಾ," ಎಂದ ದೋಸ್ತ, ನನ್ನ ಕಡೆ ನೋಡದೆ.

"ಸಿಗತೈತೋ ಇಲ್ಲೋ, ಒಂದ ಮಾತಿನಾಗ ಹೇಳ್ರಿ. ಆಡು ಕಟ್ಟಿಹಾಕಿ ಬಂದೀನಿ. ಇಲ್ಲಂದ್ರ ಈ ಬಸ್ಸಿಗೇ ಹೊಳ್ಳಿ ಹೋಗ್ತೀನಿ."

ನಾನು ವ್ಯಾಪಾರದವನು. ಒಂದೇ ಮಾತಿನಲ್ಲಿ ಹೇಳುವುದು ನನ್ನ ಜಾಯಮಾನವಲ್ಲ. ಯಾರದು ಫೋಟೋ, ಯಾವಾಗಿನದು ಎಂದು ಕೇಳಿದೆ.

ಅವಳ ತಂಗಿಯದು. ತಂಗಿಯನ್ನು ಅರಕೇರಿಗೆ ಕೊಟ್ಟಿದ್ದರು. ಹಬ್ಬ ಕಳೆದು ಇನ್ನೂ ವಾರವಾಗಿರಲಿಲ್ಲ, ಜ್ವರ ಬಂದದ್ದೇ ನೆಪವಾಗಿ ತೀರಿಕೊಂಡಿದ್ದಳು. ಅವಳ ತಿಥಿಯ ದಿವಸ ಸಮೀಪಿಸಿತ್ತು. ದಿವಸದಲ್ಲಿ ಫೋಟೋ ಇಟ್ಟು, ಹಾರ ಹಾಕಿ, ಎಡೆ ಇಡಬೇಕು. ಆ ತಂಗಿ ನಕ್ಕದ್ದು ಒಂದೇ ಒಂದು ಫೋಟೋದಲ್ಲಿ, ಅದು ಈ ಅಕ್ಕನ ಮಗಳ ಮದುವೆಯಲ್ಲಿ ನನ್ನ ದೋಸ್ತ ತೆಗೆದದ್ದು.

"ಅಲ್ಬಮ್ ಇರಬೇಕಲ್ರಿ?" ಎಂದೆ.

"ಮಗಳ ಮನ್ಯಾಗಿತ್ರಿ. ಈ ಸಲದ ಮಳಿಗೆ ಆಕಿ ಮನಿ ಮಾಳಗಿ ಸೋರಿ ಹಾಳಿಗೆ ಹಾಳಿ ಅಂಟಿಕೊಂಡಾವ. ಬಿಡಿಸಾಕ ಹೋದ್ರ ಮುಖದ ತೊಗಲ ಕಿತ್ತಂಗ ಬರತೈತಿ."

"ಮೊಬೈಲಿನ್ಯಾಗ?"

"ಮೊಬೈಲ ಹಿಡದ್ರಂದ್ರ ಆಕಿ ಸೆರಗ ಮುಚಗೊಂಡ ಒಳಗ ಓಡಾಕಿ. ಮದುವಿ ದಿನ ಹೆಂಗೋ ಈ ತಮ್ಮನ ಕೈಗೆ ಸಿಕ್ಕಿದ್ಲು. ಆಧಾರ ಕಾರ್ಡಿನ್ಯಾಗ ಒಂದೈತ್ರಿ. ಅದರಾಗ ಕಳವಿನಾಗ ಸಿಕ್ಕಬಿದ್ದಾಕಿ ನಿಂತಂಗ ನಿಂತಾಳ." ಮತ್ತೆ ಅಂದಳು: "ಆಕಿ ನಕ್ಕದ್ದ ಕಮ್ಮಿರಿ. ನಕ್ಕದ್ದು ಒಂದರ ಮಂದಿ ನೋಡ್ಲಿ ಅಂತ."

ದೋಸ್ತ ಬಾಗಿಲಿಗೆ ಹೋಗಿ ಓಣಿ ನೋಡುತ್ತ ನಿಂತ.

ಇಲ್ಲಿ ನನ್ನ ಕಸುಬಿನ ಒಂದೆರಡು ಮಾತು ಹೇಳಬೇಕು, ಇಲ್ಲದಿದ್ದರೆ ಆದದ್ದು ತಿಳಿಯುವುದಿಲ್ಲ. ಸಿದ್ಧೇಶ್ವರ ಗುಡಿಯ ಹಿಂದಿನ ಓಣಿಯಲ್ಲಿ ನಾನು ಹಳೆಯ ಕಂಪ್ಯೂಟರುಗಳ ವ್ಯಾಪಾರ ಮಾಡುತ್ತೇನೆ. ಕಚೇರಿಗಳಿಗೆ ಬೇಡವಾದ ಯಂತ್ರಗಳನ್ನು ಚೌಕಾಸಿ ಮಾಡಿ ಎತ್ತುತ್ತೇನೆ, ಬಿಚ್ಚುತ್ತೇನೆ, ಜೀವ ಇದ್ದ ಭಾಗಗಳನ್ನು ಕೂಡಿಸಿ, ಕಂಪ್ಯೂಟರ್ ನಡೆಸುವ ಲಿನಕ್ಸ್ ಎಂಬ ತಂತ್ರಾಂಶ ಹಾಕಿ ಮಾರುತ್ತೇನೆ. ಲಿನಕ್ಸಿಗೆ ಕಾಸು ಕೊಡಬೇಕಿಲ್ಲ. ಮುದಿ ಯಂತ್ರವನ್ನೂ ಅದು ಹೇಗೋ ನಡೆಸುತ್ತದೆ. ತನ್ನ ಹೊಟ್ಟೆಯಲ್ಲಿ ಏನಿದೆ ಎಂದು ಬಿಚ್ಚಿ ನೋಡಲು ಯಾರನ್ನೂ ತಡೆಯುವುದಿಲ್ಲ. ಬಬಲೇಶ್ವರದಿಂದ ಬರಿಗೈಯಲ್ಲಿ ಬಂದವನು ನಾನು, ಬಿಚ್ಚಿ ನೋಡಿಯೇ ಕಲಿತೆ.

ಲಿನಕ್ಸಿನಲ್ಲಿ ಡಿಸ್ಕಿಗೆ ಎರಡು ನಮೂನೆಯ ಹೆಸರು ಇರುತ್ತವೆ. ಒಂದು ಸರದಿಯ ಹೆಸರು. ಮೊದಲು ಕಂಡದ್ದು ಎಸ್‌ಡಿಎ, ಆಮೇಲೆ ಬಂದದ್ದು ಎಸ್‌ಡಿಬಿ, ಅದರ ಬೆನ್ನಿಗೆ ಎಸ್‌ಡಿಸಿ. ಇವತ್ತು ಮೊದಲು ಬಂದದ್ದು ನಾಳೆ ಹಿಂದೆ ಬಿದ್ದರೆ ಹೆಸರೂ ಬದಲಾಗುತ್ತದೆ. ಇನ್ನೊಂದು ಹುಟ್ಟಿನ ಹೆಸರು. ಕಾರ್ಖಾನೆಯಲ್ಲಿ ಪ್ರತಿ ಡಿಸ್ಕಿನ ಒಳಗೆ ಒಂದು ಸಂಖ್ಯೆ ಇಟ್ಟು ಕಳಿಸುತ್ತಾರೆ, ಒಂದರ ಸಂಖ್ಯೆ ಇನ್ನೊಂದಕ್ಕೆ ಇರುವುದಿಲ್ಲ. ಡಿಸ್ಕ್ ಕೂಡಿಸಿದ ಕೂಡಲೇ ಲಿನಕ್ಸ್ ಆ ಸಂಖ್ಯೆ ಕೇಳಿಕೊಂಡು, ಅದರಿಂದ ಒಂದು ಉದ್ದ ಹೆಸರು ಮಾಡಿ ಇಟ್ಟುಕೊಳ್ಳುತ್ತದೆ. ಹಿಂದೆ ಸಿಕ್ಕಿಸಿರಿ, ಮುಂದೆ ಸಿಕ್ಕಿಸಿರಿ, ಆ ಹೆಸರು ಕದಲುವುದಿಲ್ಲ. ನನ್ನ ಮಾತು ಕೇಳುವವರಿದ್ದರೆ ಇದೊಂದು ಕೇಳಿ: ಅಳಿಸುವ ಕೆಲಸ, ನಕಲು ಮಾಡುವ ಕೆಲಸ ಇದ್ದಾಗ ಸರದಿಯ ಹೆಸರನ್ನು ಎಂದೂ ನಂಬಬೇಡಿ. ಎಲ್ಲ ಗಿರಾಕಿಗಳಿಗೂ ಇದನ್ನು ಹೇಳಿಯೇ ಯಂತ್ರ ಕೊಡುತ್ತೇನೆ. ಪುಕ್ಕಟೆ ಬುದ್ಧಿಮಾತಿಗೆ ಬೆಲೆ ಕಟ್ಟುವವರು ಮಾತ್ರ ಕಡಿಮೆ.

ದೋಸ್ತನಿಗೆ ಮೊದಲು ಕೊಟ್ಟ ಯಂತ್ರದಲ್ಲಿ ನಾನೇ ಹುಟ್ಟಿನ ಹೆಸರು ಬರೆದು ಎಲ್ಲ ಹೊಂದಿಸಿದ್ದೆ. ಒಂದು ಡಿಸ್ಕಿನಲ್ಲಿ ಫೋಟೋ, ಇನ್ನೊಂದರಲ್ಲಿ ಅವುಗಳ ನಕಲು. ವರ್ಷಗಟ್ಟಲೆ ಸುಮ್ಮನೆ ನಡೆಯಿತು. ಆಮೇಲೆ ಅವನು ಸಣ್ಣದೊಂದು ಲ್ಯಾಪ್‌ಟಾಪ್ ಕೊಂಡ. ಅದರೊಳಗೆ ಈ ಡಿಸ್ಕುಗಳಿಗೆ ಜಾಗವಿಲ್ಲ. ಸೊಲ್ಲಾಪುರಕ್ಕೆ ಹೋದಾಗ ಡಿಸ್ಕ್ ಇಡುವ ಎರಡು ಯುಎಸ್‌ಬಿ ಡಬ್ಬಿ ತಂದ. ಅಗ್ಗದ ಡಬ್ಬಿ, ಒಂದೇ ಅಚ್ಚಿನವು. ಅವು ಒಳಗಿದ್ದ ಡಿಸ್ಕಿನ ಸಂಖ್ಯೆ ಹೇಳುವ ಬದಲು ತಮ್ಮದೇ ಸಂಖ್ಯೆ ಹೇಳುತ್ತಿದ್ದವು. ಎರಡೂ ಡಬ್ಬಿಗೆ ಸಂಖ್ಯೆ ಒಂದೇ. ಲಿನಕ್ಸ್ ಪಾಪ ಏನು ಮಾಡೀತು? ಎರಡಕ್ಕೂ ಸೇರಿ ಒಂದೇ ಉದ್ದ ಹೆಸರು ಹುಟ್ಟುತ್ತಿತ್ತು.

ಆಗ ಅವನು ನನಗೆ ಫೋನ್ ಮಾಡಿದ್ದ.

"ಅವನ್ನ ಒಗಿ," ಎಂದಿದ್ದೆ. "ನನ್ನ ಹಂತ್ಯಾಕ ಖರೇ ನಂಬರ ಹೇಳೂ ಡಬ್ಬಿ ಅದಾವ."

"ಬಂತ ನೋಡ ನಿನ್ನ ಯಾಪಾರ," ಎಂದು ನಕ್ಕು ಫೋನ್ ಇಟ್ಟ. ಯಾರೋ ಹೇಳಿಕೊಟ್ಟರಂತೆ, ಅಷ್ಟು ಉದ್ದ ಹೆಸರು ಯಾಕೆ, ನಕಲಿನ ಆಜ್ಞೆಯಲ್ಲಿ ಎಸ್‌ಡಿಬಿಯಿಂದ ಎಸ್‌ಡಿಸಿಗೆ ಎಂದು ಬರೆದುಬಿಡು, ಮುಗಿಯಿತು. ಎಸ್‌ಡಿಎ ಲ್ಯಾಪ್‌ಟಾಪಿನ ಒಳಗಿನದು. ಫೋಟೋ ಡಿಸ್ಕನ್ನು ಮೊದಲು ಸಿಕ್ಕಿಸಿ, ನಕಲಿನ ಡಿಸ್ಕನ್ನು ಆಮೇಲೆ ಸಿಕ್ಕಿಸುವುದು ಅವನ ರೂಢಿಯಾಯಿತು. ರೂಢಿ ಇರುವವರೆಗೆ ಎಲ್ಲ ಸರಿಯಿತ್ತು.

ದಸರೆಗೆ ಮುಂಚೆ ನಕಲಿನ ಡಿಸ್ಕ್ ಕಟಕಟ ಎನ್ನತೊಡಗಿ ಸತ್ತುಹೋಯಿತು. ಇವತ್ತೇ ಹೊಸದು ತಗೋ ಎಂದೆ. ಖಂಡೇನವಮಿಗೆ ಇನ್ನೆಷ್ಟು ದಿನ, ಅವತ್ತೇ ತಂದು ಪೂಜೆ ಮಾಡಿ ಶುರುಮಾಡುತ್ತೇನೆ ಎಂದ. ಅವನನ್ನು ಬೈಯುವುದು ಸುಲಭ. ನಮ್ಮ ಕಡೆ ಖಂಡೇನವಮಿಗೆ ಕೊಡಲಿ, ಕುಡಗೋಲು, ಟ್ರ್ಯಾಕ್ಟರು, ಹೊಲಿಗೆ ಯಂತ್ರ, ತಕ್ಕಡಿ, ಎಲ್ಲವನ್ನೂ ತೊಳೆದು ವಿಭೂತಿ ಕುಂಕುಮ ಹಚ್ಚುತ್ತೇವೆ. ನಾನೂ ನನ್ನ ತಿರುಪುಳಿಗಳನ್ನೆಲ್ಲ ಮಣೆಯ ಮೇಲೆ ಇಡುತ್ತೇನೆ. ಅವನು ಕ್ಯಾಮೆರಾ, ಲೆನ್ಸು, ದೀಪದ ಕೋಲು, ಡಬ್ಬಿಯಿಂದ ಬಿಚ್ಚಿದ ಫೋಟೋ ಡಿಸ್ಕು, ತಂದ ಹೊಸ ಡಿಸ್ಕು, ಎಲ್ಲವನ್ನೂ ಸಾಲಾಗಿ ಇಟ್ಟು ಕಾಯಿ ಒಡೆದ. ಮರುದಿನ ದಶಮಿಗೆ ಪೂಜೆ ಎತ್ತಿ, ಡಿಸ್ಕುಗಳನ್ನು ಡಬ್ಬಿಗೆ ಹಾಕಿ ಲ್ಯಾಪ್‌ಟಾಪಿಗೆ ಸಿಕ್ಕಿಸುವ ಹೊತ್ತು.

ಹೊಸ ಎತ್ತು ತಂದರೆ ಮೊದಲು ಅದನ್ನೇ ಒಳಗೆ ಬಿಡುತ್ತಾರೆ. ಹೊಸ ಸೊಸೆ ಬಂದರೆ ಹಳಬರು ಬಾಗಿಲಿನಿಂದ ಸರಿದು ನಿಲ್ಲುತ್ತಾರೆ. ಹೊಸದಕ್ಕೆ ಮೊದಲ ಮಾನ. ಅವನು ಕುಂಕುಮ ಹಚ್ಚಿದ ಹೊಸ ಡಿಸ್ಕನ್ನು ಕಣ್ಣಿಗೆ ಒತ್ತಿಕೊಂಡು ಮೊದಲು ಸಿಕ್ಕಿಸಿದ. ಅದು ಎಸ್‌ಡಿಬಿ ಆಯಿತು. ಫೋಟೋ ತುಂಬಿದ ಹಳೆಯದು ಬೆನ್ನಿಗೆ ಬಂದು ಎಸ್‌ಡಿಸಿ ಆಯಿತು. ಎಂದಿನ ಆಜ್ಞೆ ಒತ್ತಿ, ದಿನವೂ ಮಾಡಿದ ಕೆಲಸವೆಂದು ನೋಡದೆ, ಬನ್ನಿ ಕೊಡಲು ಊರೊಳಗೆ ಹೋದ. ಬರಿದಾದ ಹೊಸ ಡಿಸ್ಕು ತನ್ನ ಬರಿದನ್ನು ಹಳೆಯದರ ಮೇಲೆ ಮೊದಲಿನಿಂದ ಬರೆಯುತ್ತ ನಡೆಯಿತು. ನಡುವೆ ಊರಿನ ಕರೆಂಟು ಹೋಗಿ, ಬ್ಯಾಟರಿ ಮುಗಿದು ಲ್ಯಾಪ್‌ಟಾಪ್ ಆರಿತು. ಹಾಗಾಗಿ ಕೊನೆಯ ಕಡೆಯ ಭಾಗ ಉಳಿಯಿತು.

ಇದನ್ನೇ ಆ ಹೆಣ್ಣುಮಗಳಿಗೂ ಹೇಳಬೇಕಾಯಿತು. ಹೇಗೆ ಹೇಳುವುದು?

"ಅಕ್ಕಾರ, ನಿಮ್ಮ ಆಡಿನ ಕಿವಿಗೆ ಗುರುತ ಕೊಯ್ದಿರ್ತೀರಿಲ್ರಿ?"

"ಹೂಂ ಮತ್ತ. ಮಂದಿ ಆಡಿನಾಗ ಕೂಡಿಕೊಂಡ್ರ ಹೆಂಗ ತಿಳೀಬೇಕು?"

"ಇದಕ್ಕೂ ಹಂಗ ಒಂದ ಗುರುತ ಇರತೈತ್ರಿ. ಆದ್ರ ಡಬ್ಬಿ ಕಿವಿ ಮುಚ್ಚಿತ್ತು. ಇಂವ ಸಾಲಿನಾಗ ಮೊದಲ ನಿಂತದ್ದ ನಂದು ಅಂತ ತಿಳಕೊಂಡ."

ಅವಳು ಬಾಗಿಲಲ್ಲಿ ನಿಂತಿದ್ದ ದೋಸ್ತನ ಬೆನ್ನು ನೋಡಿದಳು. "ತಮ್ಮಾ, ಮಂದಿ ಆಡ ಕೊಯ್ದಂಗಾತಲ್ಲೋ," ಎಂದಳು. ಸಿಟ್ಟಿನಿಂದಲ್ಲ. ಸಂತೆಯಲ್ಲಿ ಯಾರದೋ ನಷ್ಟದ ಸುದ್ದಿ ಕೇಳಿದವರಂತೆ.

ಅವಳು ಚಹಾ ಕುಡಿಯಲು ಹೊರಗೆ ಹೋದಾಗ ನಾನು ದೋಸ್ತನಿಗೆ, "ಅವತ್ತ ನಾ ಏನ ಹೇಳಿದ್ದೆ?" ಎಂದೆ.

"ಹೇಳಿದ್ದಿ. ಹೇಳಿದ್ದೇ ಹೇಳಿದ್ದಿ. ನೀ ಹೇಳಿದ್ದ ಅಷ್ಟೂ ಈ ಡಿಸ್ಕಿನಾಗ ತುಂಬಿದ್ರ ತುಂಬತಿತ್ತು ನೋಡ. ಈಗ ಹೇಳೂದ ಬಿಟ್ಟ ಹುಡುಕ ಮಾರಾಯಾ."

ಹುಡುಕಿದೆ. ಅಳಿದ ಡಿಸ್ಕಿನಲ್ಲಿ ಉಳಿದದ್ದನ್ನು ಮೂಲೆ ಮೂಲೆ ಓದಿ, ಫೋಟೋದಂತೆ ಕಂಡದ್ದನ್ನು ಎತ್ತಿ ಬೇರೆ ಕಡೆ ಇಡುವ ಒಂದು ಪುಕ್ಕಟೆ ತಂತ್ರಾಂಶ ಲಿನಕ್ಸಿನಲ್ಲಿದೆ. ಅದು ನಿಧಾನದ ಕೆಲಸ. ಸಿಕ್ಕ ಫೋಟೋಗಳಿಗೆ ಯಾರ ಮದುವೆ, ಯಾವ ಊರು ಎಂಬ ಯಾವ ಹೆಸರೂ ಉಳಿದಿರುವುದಿಲ್ಲ. ಸಿಕ್ಕ ಕ್ರಮದಲ್ಲಿ ತಂತ್ರಾಂಶವೇ ಒಂದೊಂದು ಸಂಖ್ಯೆ ಹಚ್ಚುತ್ತದೆ. ಮರುದಿನದಿಂದ ಆ ಹೆಣ್ಣುಮಗಳು ಬೆಳಗಿನ ಬಸ್ಸಿಗೆ ಬಂದು ಪರದೆಯ ಮುಂದೆ ಕೂಡತೊಡಗಿದಳು. ತಂಗಿಯ ಮುಖ ನಮಗೆ ಗೊತ್ತಿಲ್ಲವಲ್ಲ. ದೋಸ್ತನೇ ತೆಗೆದ ಫೋಟೋ, ಅವನಿಗೂ ನೆನಪಿರಲಿಲ್ಲ.

ಒಂದೊಂದಾಗಿ ಮುಖಗಳು ಬಂದವು. ಅರ್ಧಕ್ಕೆ ಬಣ್ಣ ಕೆಟ್ಟವು, ಅಡ್ಡ ಸೀಳಿದಂಥವು, ಚೊಕ್ಕ ಇದ್ದವು.

"ಇಂವ ಹೋಗ್ಯಾನ," ಎಂದಳು ಒಬ್ಬ ಮುದುಕನನ್ನು ನೋಡಿ. ಇನ್ನೊಬ್ಬಳನ್ನು ನೋಡಿ, "ಈಕೀನೂ ಹೋಗ್ಯಾಳ. ಇಂವ ಯಾರೋ ಗೊತ್ತಿಲ್ಲ. ಅಯ್ಯ ಇಕಾ ನೋಡ್ರಿ, ನನ್ನ ಇಳಕಲ್ಲ ಸೀರಿ ಉಟಗೊಂಡ ನಿಂತಾಳ! ಹೊಳ್ಳಿ ಕೊಟ್ಟೇನಿ ಅಂತ ದೇವರ ಮುಂದ ಆಣಿ ಮಾಡ್ಯಾಳ ಈಕಿ."

"ಸೀರಿ ಫೋಟೋ ತಗದ ಕೊಡ್ಲೇನ್ರಿ ಅಕ್ಕಾರ? ಸಾಕ್ಷಿಗೆ ಬರತೈತಿ," ಎಂದೆ.

"ಕೊಡ್ರಿ. ಸೀರಿ ಅಂತೂ ಬರಾಂಗಿಲ್ಲ."

ದೋಸ್ತ ಸಣ್ಣಗೆ ನಕ್ಕ. ಹಬ್ಬದ ನಂತರ ಅವನು ನಕ್ಕದ್ದು ಅದೊಂದೇ ಸಲ ನಾನು ಕಂಡದ್ದು. ಅವನ ಸ್ಟುಡಿಯೋಕ್ಕೆ ಬರುವವರಲ್ಲಿ ಅರ್ಧ ಮಂದಿ ತೀರಿಕೊಂಡವರ ಫೋಟೋ ಕೇಳಿಕೊಂಡೇ ಬರುತ್ತಾರೆ. ಯಾವುದೋ ಮದುವೆಯ ಗುಂಪಿನಲ್ಲಿ ನಿಂತ ಮುಖವನ್ನು ಕತ್ತರಿಸಿ, ಹಿಂದೆ ನೀಲಿ ಹಾಕಿ, ಕಟ್ಟು ಹಾಕಿಸಿ ಕೊಡುತ್ತಾನೆ. ಇನ್ನು ಬಂದವರಿಗೆಲ್ಲ ಏನು ಹೇಳುವುದು ಎಂದು ಅವನು ಲೆಕ್ಕ ಹಾಕುತ್ತಿದ್ದುದು ಅವನ ಮುಖದಲ್ಲೇ ಕಾಣುತ್ತಿತ್ತು.

ಕೊನೆಗೊಂದು ದಿನ, ದಿವಸಕ್ಕೆ ಇನ್ನು ಹೊತ್ತಿಲ್ಲ ಎನ್ನುವಾಗ, ಅವಳು ಪರದೆಗೆ ಬೆರಳು ಮುಟ್ಟಿಸಿದಳು.

ಹಸಿರು ಸೀರೆಯ ಸೆರಗು ತಲೆಯ ಮೇಲೆ. ಅಗಲ ಹಣೆ, ದೊಡ್ಡ ಕುಂಕುಮ. ಕಣ್ಣು ಸಣ್ಣಗಾಗಿ ಅಂಚಿನಲ್ಲಿ ನೆರಿಗೆ ಬಿದ್ದಿತ್ತು. ನಗುತ್ತಿದ್ದಾಳೆ ಎಂದು ಕಣ್ಣೇ ಹೇಳುತ್ತಿತ್ತು. ಮೂಗಿನ ನತ್ತಿನವರೆಗೆ ಮುಖವಿತ್ತು. ಅಲ್ಲಿಂದ ಕೆಳಗೆ ಬರೀ ಬೂದು ಬಣ್ಣ.

"ಕೆಳಗಿಂದ ಎಲ್ಲೈತ್ರಿ?"

ಒಂದು ಫೋಟೋ ಡಿಸ್ಕಿನಲ್ಲಿ ಒಂದೇ ಕಡೆ ಕೂತಿರಬೇಕೆಂದಿಲ್ಲ. ಜಾಗ ಸಿಕ್ಕಲ್ಲಿ ಅರ್ಧ, ಇನ್ನೆಲ್ಲೋ ಅರ್ಧ. ಮೇಲಿನರ್ಧ ಉಳಿದ ಕಡೆ ಇತ್ತು. ಕೆಳಗಿನರ್ಧ ಅಳಿದ ಕಡೆ ಬಿದ್ದಿತ್ತು. ನಾನು ಇದನ್ನು ಉದ್ದಕ್ಕೆ ಹೇಳಲು ಬಾಯಿ ತೆರೆದು, "ಇಲ್ಲರಿ, ಅಷ್ಟ ಉಳದದ್ದು," ಎಂದಷ್ಟೇ ಹೇಳಿದೆ.

"ಬೂದಿ ಬಳದಂಗ ಐತಲ್ಲ," ಎಂದಳು. ಸೆರಗಿನಿಂದ ಪರದೆ ಒರೆಸಿದಳು, ಬೂದು ಹೋಗಲಿಲ್ಲ. "ಅರ್ಧಾ ಮಾರಿಗೆ ಅರ್ಧಾ ರೊಕ್ಕ ಕೊಡ್ತೀನಿ ನೋಡ್ರಿ ಮತ್ತ."

ಚೌಕಾಸಿಗೆ ನಾನು ಎಂದೂ ಹಿಂದೆ ಬಿದ್ದವನಲ್ಲ. ಅವತ್ತು ಪರದೆಯ ಕಡೆ ತಿರುಗಿ ಮುಂದಿನ ಫೋಟೋ ತೆಗೆದೆ.

ಅದೇ ಮದುವೆಯ ಬೇರೆ ಫೋಟೋ ಇದೆಯೇ ಎಂದು ಉಳಿದದ್ದನ್ನೆಲ್ಲ ತಿರುವಿದೆವು. ತಂಗಿಯ ಬೆನ್ನು ಸಿಕ್ಕಿತು. ಊಟದ ಪಂಕ್ತಿಯಲ್ಲಿ ಬಡಿಸುವ ಕೈ ಸಿಕ್ಕಿತು, ಆ ಹಸಿರು ಬಳೆ ಅವಳದೇ ಎಂದಳು ಅಕ್ಕ. ಮುಖ ಮತ್ತೆ ಸಿಗಲಿಲ್ಲ.

ಆಗ ದೋಸ್ತನೇ ಹೇಳಿದ್ದು. ಅವನಿಗೆ ಏನಾದರೂ ಮಾಡಿ ತೀರಬೇಕಿತ್ತು. "ಯಕ್ಕಾ, ನಿಮ್ಮಿಬ್ಬರ ಗಲ್ಲ ಬಾಯಿ ಒಂದ ನಮೂನಿ ಅದಾವಲ್ಲ? ನೀ ಸ್ಟುಡಿಯೋಕ್ಕ ಬಾ. ನಿನ್ನ ನಗೂದ ಫೋಟೋ ತಗದ ಕೆಳಗ ಜೋಡಸ್ತೀನಿ. ಯಾರಿಗೂ ಗೊತ್ತಾಗಾಂಗಿಲ್ಲ."

ಅಂಥ ಕೆಲಸ ಅವನಿಗೆ ಹೊಸದಲ್ಲ. ಧೋತರ ಬಿಟ್ಟು ಬೇರೆ ಕಾಣದ ಮುದುಕರಿಗೆ ಕೋಟು ತೊಡಿಸಿದ್ದಾನೆ, ಬರಿಹಣೆಗೆ ಕುಂಕುಮ ಇಟ್ಟಿದ್ದಾನೆ. ಅವಳು ಪರದೆಯ ಮೇಲಿನ ಕಣ್ಣು ನೋಡಿ, "ಹುಟ್ಟಿದ್ದಂತೂ ಒಂದ ಹೊಟ್ಟ್ಯಾಗ," ಎಂದಳು.

ತಿಕೋಟಾಕ್ಕೆ ನಾನೂ ಹೋದೆ. ಅವತ್ತು ಅಂಗಡಿ ಮುಚ್ಚಿದ್ದೆ. ಅವಳು ನೀಲಿ ಪರದೆಯ ಮುಂದೆ ಕೂತಳು. ಹಸಿರು ಸೀರೆ ಉಟ್ಟು ಬಂದಿದ್ದಳು, ಯಾರೂ ಹೇಳಿರಲಿಲ್ಲ. ದೋಸ್ತ ದೀಪ ಹಚ್ಚಿ, ಕ್ಯಾಮೆರಾ ಸರಿಮಾಡಿ, "ಹಾಂ ಯಕ್ಕಾ, ಈಗ ನಗು," ಎಂದ.

ಅವಳು ತುಟಿ ಅಗಲಿಸಿದಳು. ಹಲ್ಲು ಕಂಡವು.

"ಹಂಗಲ್ಲ. ಹಲ್ಲಿನ ಡಾಕ್ಟರಿಗೆ ತೋರಿಸಿದಂಗಾತು. ಮನಸಿಟ್ಟ ನಗು."

"ಮನಸಿಟ್ಟ ಹೆಂಗ ನಗೂದೋ ತಮ್ಮಾ?"

ದೋಸ್ತ ಒಂದು ಚೇಷ್ಟೆ ಮಾಡಿದ. ನಾನು ಬಬಲೇಶ್ವರದ ಸಂತೆಯಲ್ಲಿ ಒಬ್ಬ ತನ್ನದೇ ಆಡನ್ನು ಇನ್ನೊಬ್ಬರದೆಂದು ತಿಳಿದು ಚೌಕಾಸಿ ಮಾಡಿ ಕೊಂಡು ಬಂದ ಕಥೆ ಹೇಳಿದೆ. ಎಲ್ಲರೂ ನಗುವ ಕಥೆ ಅದು. ಅವಳು ಪೂರ್ತಿ ಕೇಳಿ, "ಪಾಪ," ಎಂದಳು. ಸೀರೆ ಹೊಳ್ಳಿ ಕೊಡದವಳ ಮಾತು ತೆಗೆದೆವು. ಒಂದು ಕ್ಷಣ ತುಟಿಯ ಕೊನೆ ಮೇಲೆ ಹೋಯಿತು, ದೋಸ್ತ ಗುಂಡಿ ಒತ್ತುವುದರೊಳಗೆ ಇಳಿಯಿತು. ಮತ್ತೆ ಮಾಡಿದೆವು. ಮತ್ತೆ. ದೋಸ್ತ ತೆಗೆದ ಒಂದೊಂದನ್ನೂ ಆ ಹಣೆ, ಆ ಕಣ್ಣಿನ ಕೆಳಗೆ ಇಟ್ಟು ನೋಡಿದ. ಅಳತೆ ಹೊಂದಿತು, ಬಣ್ಣ ಹೊಂದಿತು. ಮೇಲಿನ ಕಣ್ಣು ನಗುತ್ತಿತ್ತು, ಕೆಳಗಿನ ಬಾಯಿ ನೋವು ತಡೆದುಕೊಂಡಂತೆ ಇತ್ತು.

ಅವಳು ಎದ್ದು ಬಂದು ಪರದೆ ನೋಡಿದಳು.

"ಬ್ಯಾಡ ಬಿಡ ತಮ್ಮಾ. ಆಕಿ ಬ್ಯಾರೆ, ನಾ ಬ್ಯಾರೆ."

"ಕಂಪ್ಯೂಟರೇ ಒಂದ ಬಾಯಿ ಬರೀತೈತಿ ಯಕ್ಕಾ, ಈಗ ಹಂಗ ಬರತೈತಿ," ಎಂದ ಅವನು.

"ಯಾರ ಬಾಯಿ ಬರೀತೈತಿ?"

ದೋಸ್ತ ಕೆಳಗೆ ಜೋಡಿಸಿದ್ದ ಬಾಯಿ ಅಳಿಸಿದ. ಹಣೆ ಮತ್ತು ಕಣ್ಣು ಇದ್ದಷ್ಟನ್ನೇ ಕತ್ತರಿಸಿ, ಅಡ್ಡ ಪಟ್ಟಿಯಂತೆ ಮುದ್ರಿಸಿ ಅವಳ ಕೈಗೆ ಕೊಟ್ಟ.

ದಿವಸಕ್ಕೆ ಬರ್ರಿ ಎಂದಿದ್ದಳು, ಅರಕೇರಿಗೆ ಹೋದೆ. ಹಣೆ ಕಣ್ಣಿನ ಆ ಫೋಟೋ ಪಟ್ಟಿಯನ್ನು ಅಲ್ಲಿ ಇಡಲು ಹಿರಿಯರು ಒಪ್ಪಿರಲಿಲ್ಲ. ಅರ್ಧ ಮುಖ ಇಟ್ಟು ಎಡೆ ಇಡಬಾರದಂತೆ. ಆಧಾರ ಕಾರ್ಡಿನ ಫೋಟೋವನ್ನೇ ದೊಡ್ಡದು ಮಾಡಿಸಿ, ಕಟ್ಟು ಹಾಕಿಸಿ, ಹಾರ ಹಾಕಿ ಮಣೆಯ ಮೇಲೆ ಇಟ್ಟಿದ್ದರು. ಸಣ್ಣದನ್ನು ಅಷ್ಟು ಹಿಗ್ಗಿಸಿದ್ದರಿಂದ ಮುಖವೆಲ್ಲ ಕಾಳುಕಾಳಾಗಿ ಒಡೆದಿತ್ತು. ಅಕ್ಕ ಮಣೆಯ ಮಗ್ಗುಲಲ್ಲಿ ಗೋಡೆಗೆ ಒರಗಿ ಕೂತಿದ್ದಳು.

ತಂಗಿಯ ತವರಿನ ಕಡೆಯ ಒಬ್ಬ ಮುದುಕಿ ಕೈಕಾಲು ತೊಳೆದುಕೊಂಡು ಒಳಗೆ ಬಂದಳು. ಹೂವು ಹಾಕಲು ಬಗ್ಗಿ, ಫೋಟೋ ನೋಡಿ ತಡೆದಳು.

"ಯವ್ವಾ, ಇದ ಯಾರ್ದು?"

"ನಮ್ಮ ತಂಗೀದು ಬೇ."

"ಆಕೀದಾ?" ಮುದುಕಿ ಇನ್ನೊಮ್ಮೆ ಬಗ್ಗಿ ನೋಡಿ, ಹೂವು ಹಾಕಿ ಪಂಕ್ತಿಯ ಕಡೆ ನಡೆದಳು. ಅವಳ ಬೆನ್ನಿಗೆ ಇನ್ನೂ ಇಬ್ಬರು ಹೆಂಗಸರು ಹೂವು ಹಿಡಿದು ನಿಂತಿದ್ದರು. ಅವರು ಕೇಳುವ ಮೊದಲೇ ಅಕ್ಕ ಹೇಳಿದಳು: "ನಮ್ಮ ತಂಗೀದ ಬೇ. ಆಕೀದ."